ಪಟ್ಟಾ ಇಲ್ಲದ ಲೇಥ್

"ಉಗುರು ನೋಡ್ರಿ, ಎಷ್ಟು ಸ್ವಚ್ಛ ಅದಾವ," ಎಂದರು ಮೈ ತೊಳೆಯುತ್ತಿದ್ದ ಮಸೀದಿಯ ಹಿರಿಯರು.

ಅಸದ ತೀರಿಹೋದ ತಂದೆಯ ಅಂಗೈ ಮೇಲೆ ಬೆಚ್ಚಗಿನ ನೀರು ಸುರಿಯುತ್ತಿದ್ದ. ಸವಣೂರಿನಲ್ಲಿ ನಲವತ್ತು ವರ್ಷ ಕಟ್ಟಿಗೆ ಕಡೆದ ಖಾದರಸಾಬನ ಕೈ ಅದು. ತೊಟ್ಟಿಲಿನ ಕಂಬ, ಮಂಚದ ಕಾಲು, ಲಟ್ಟಣಿಗೆ. ತೇಗ, ಬೇವುಗಳ ಬಣ್ಣ ಆ ಉಗುರುಗಳ ಸಂದಿಯಿಂದ ಎಂದೂ ಹೋದದ್ದಿಲ್ಲ. ಕೆಲಸವಿಲ್ಲದ ಐದು ತಿಂಗಳು ಅದನ್ನು ತೊಳೆದಿದ್ದವು. ಹಿರಿಯರು ಮೆಚ್ಚಿಯೇ ಹೇಳಿದ್ದರು. ಅಸದ ಚೊಂಬನ್ನು ಮತ್ತೆ ತುಂಬಿಕೊಂಡ.

ಅಂಗಳದಲ್ಲಿ ಹೆಂಗಸರು ಸೇರಿದ್ದರು. ಮೊದಲ ಬಸ್ಸಿಗೇ ಚಿಕ್ಕೇರೂರಿನಿಂದ ಬಂದ ಭರಮವ್ವ, ಖಾದರಸಾಬನ ಹೆಂಡತಿ ರಮಜಾನಬಿಯ ಮಗ್ಗುಲಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ಮೊಮ್ಮಗಳ ಕೂಸಿಗೆಂದು ಭರಮವ್ವ ಖಾದರಸಾಬನಿಗೆ ತೊಟ್ಟಿಲು ಮಾಡಲು ಹೇಳಿದ್ದಳು. ಅದು ಬರಲೇ ಇಲ್ಲ. ಹೆಸರಿಡುವ ದಿನ ಎರವಲು ತೊಟ್ಟಿಲಲ್ಲಿ ಕೂಸನ್ನು ತೂಗಬೇಕಾಯಿತು. ಮರುದಿನವೇ ಬಂದು ಖಾದರಸಾಬನನ್ನು ಬೈದು ಹೋಗಿದ್ದಳು.

"ಗಡ್ಡಾ ಬೆಳ್ಳಗಾತು, ಮಾತು ಬೆಳ್ಳಗಾಗಲಿಲ್ಲ ನೋಡು ಸಾಬಣ್ಣ ಅಂದ್ನೆವಾ ನಾ. ಓಣಿ ಮಂದಿ ಎದುರಿಗೆ ಅಂದ್ನಿ. ಒಂದು ಮಾತು ತಿರುಗಿ ಆಡಲಿಲ್ಲ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊ," ಎಂದಳು ಈಗ.

ಆ ದಿನ ಗಂಡ ಊಟ ಮುಟ್ಟದೆ, 'ಆಕೆ ಅಂದದ್ದು ಖರೇನೇ, ನಾನು ಮಾತು ಕೊಟ್ಟಿದ್ದೆ' ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ರಮಜಾನಬಿ ಹೇಳಿದಳು.

"ಲೇಥಿನ ಪಟ್ಟಾ ಹರದು ಹೋತು, ಅಕ್ಕಾ. ಆ ಅಳತೀದು ಈಗ ಬರಂಗಿಲ್ಲಂತ. ನನ್ನ ಮಗ ಹುಬ್ಬಳ್ಳಿ ಎಲ್ಲಾ ತಿರುಗಿ ಬಂದ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಪರಮೇಶ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟ. ಶಿಗ್ಗಾವಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು ಅವನು. ಅದೇ ಅಳತೆಯ ಹೊಸ ಪಟ್ಟಾ ಕತ್ತರಿಸಿ ಅಸದನ ಕೈಗೆ ಕೊಟ್ಟವನೂ ಅವನೇ.

* * *

ಅದು ಕಟ್ಟಿಗೆ ಕಡೆಯುವ, ಬೀಡುಕಬ್ಬಿಣದ ಹಳೆಯ ಲೇಥ್. ಪಟ್ಟಾ, ಅಂದರೆ ಬೆಲ್ಟು, ಸುತ್ತಿಕೊಳ್ಳುವ ಅದರ ಗಾಲಿ ಎರಡು ಬೇರಿಂಗುಗಳ ನಡುವೆ ಕೂತಿತ್ತು. ಅಂಗಡಿಯಲ್ಲಿ ಸಿಗುವ ಬಳೆಯಂಥ ಪಟ್ಟಾ ಹಾಕಬೇಕಾದರೆ ಗಾಲಿ ಕೂತ ಇಡೀ ದಂಡವನ್ನೇ ಹೊರಗೆ ತೆಗೆಯಬೇಕು. ತನ್ನ ತಂದೆ ಕೂಡಿಸಿದ್ದನ್ನು ಬಿಚ್ಚಲು ಖಾದರಸಾಬ ಒಪ್ಪುವವನಲ್ಲ. ಐದು ತಿಂಗಳ ಹಿಂದೆ ಪಟ್ಟಾ ಹರಿದಾಗ ಅಳತೆಯ ಹುರಿ ಕೊಟ್ಟು ಮಗನನ್ನು ಪರಮೇಶನ ಬಳಿ ಕಳಿಸಿದ. ಪರಮೇಶ ದಪ್ಪ ಕ್ಯಾನ್ವಾಸಿನ ಪಟ್ಟಾ ಕತ್ತರಿಸಿ, ತುದಿಗಳಿಗೆ ತೂತು ಹೊಡೆದು ಕೊಟ್ಟ. ಗಾಲಿಗೆ ಸುತ್ತಿ ಎರಡು ತುದಿಗಳನ್ನು ಚರ್ಮದ ದಾರದಲ್ಲಿ ಹೊಲಿದರಾಯಿತು, ಅರ್ಧ ತಾಸಿನ ಕೆಲಸ, ಕಾಕಾನಿಗೆ ಗೊತ್ತು ಎಂದಿದ್ದ.

ಅಸದ ಅದನ್ನು ಸ್ಕೂಟರಿನ ಸೀಟಿನ ಕೆಳಗೆ ಬಚ್ಚಿಟ್ಟ. ತಂದೆಯ ಕೆಮ್ಮಿಗೆ ಡಾಕ್ಟರು ಧೂಳು ಬೇಡವೆಂದಿದ್ದರು. ಲೇಥ್ ಇದ್ದ ರಸ್ತೆ ಬದಿಯ ಕೋಣೆಯಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆಯೂ ಅವನಿಗಿತ್ತು. ಎರಡರಲ್ಲಿ ಯಾವುದು ಮೊದಲು ತಲೆಗೆ ಬಂತೆಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ದೇವರಿಗೆ ಗೊತ್ತಿತ್ತು.

"ಪರಮೇಶಣ್ಣನ ಹತ್ರ ಇಲ್ಲ ಅಬ್ಬಾ. ಹುಬ್ಬಳ್ಳ್ಯಾಗೂ ಇಲ್ಲ."

ಖಾದರಸಾಬ ನಂಬಿದ. ಫೋನು ಹಿಡಿದವನಲ್ಲ, ಇನ್ನೊಬ್ಬರನ್ನು ವಿಚಾರಿಸುವುದು ಮಗನ ಮೇಲೆ ಸಂಶಯಪಟ್ಟಂತೆ ಎಂದುಕೊಂಡ. ಪ್ರತಿದಿನ ಬೆಳಗಿನ ನಮಾಜು ಮುಗಿಸಿ ಬಂದು ಬೇರಿಂಗಿಗೆ ಎಣ್ಣೆ ಬಿಟ್ಟು, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಹುಬ್ಬಳ್ಳಿಗೆ ಇವತ್ತು ಯಾರಾದರೂ ಹೊರಟಿದ್ದಾರೇನು ಎಂದು ಕೇಳುತ್ತಿದ್ದ.

* * *

ಮೈ ತೊಳೆದು ಮುಗಿದ ಮೇಲೆ ಪರಮೇಶ ಅಸದನನ್ನು ಲೇಥಿನ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ತಾನು ಕೊಟ್ಟ ಪಟ್ಟಾ ಏನಾಯಿತೆಂದು ಕೇಳಿದ.

"ಕೆಮ್ಮಿಗಂತ ಹಂಗ ಮಾಡಿದ್ನಿ, ಅಣ್ಣಾ."

"ಹಂಗಂತ ಅವರಿಗೇ ಹೇಳಬೇಕಿತ್ತು. ಮಾತಿಗೆ ತಪ್ಪಿದಾಂವ ಅನ್ನಿಸ್ಕೊಂಡು ಹೋದ್ರಲ್ಲೋ ಕಾಕಾ."

ಪರಮೇಶ ದನಿ ತಗ್ಗಿಸಿದ.

"ಜನಾಜಾ ಎತ್ತೂಕಿಂತ ಮುಂಚೆ ಮಂದಿ ಹತ್ರ ಮಾಫಿ ಕೇಳ್ತೀಯಲ್ಲ, ಆವಾಗ ಹೇಳಿಬಿಡು. ತಪ್ಪು ನಂದು, ಅಬ್ಬಾಂದಲ್ಲ ಅಂತ. ಅಷ್ಟ ಸಾಕು."

ಅಸದ ಆಗಲೆಂದು ತಲೆಯಾಡಿಸಿದ.

ಶವ ಮಲಗಿಸಿದ ಮಂಚ, ಜನಾಜಾವನ್ನು ಓಣಿಯಲ್ಲಿ ಇಳಿಸಿದರು. ಎತ್ತುವ ಮುನ್ನ ಮಗ ಸತ್ತವರ ಪರವಾಗಿ ಕ್ಷಮೆ ಕೇಳಬೇಕು. ಆ ಹೊತ್ತಿನ ಮಾತಿಗೆ ಮೇಲಿನವನೇ ಸಾಕ್ಷಿ. ಹಾನಗಲ್ಲಿನಿಂದ, ಬಂಕಾಪುರದಿಂದ ಬಂದವರೆಲ್ಲ ತಲೆಗೆ ವಸ್ತ್ರ ಹಾಕಿಕೊಂಡು ನಿಂತರು.

"ನಮ್ಮ ಅಬ್ಬಾನಿಂದ ಯಾರ ಮನಸ್ಸಿಗರೆ ನೋವಾಗಿದ್ರ..." ಅಸದ ನಿಲ್ಲಿಸಿದ. ಹೊಸ್ತಿಲಲ್ಲಿ ತಾಯಿ ನಿಂತಿದ್ದಳು. ಹುಬ್ಬಳ್ಳಿಯೆಲ್ಲ ತಿರುಗಿ ಬಂದ ಮಗನನ್ನೇ ನೋಡುತ್ತಿದ್ದಳು. "ಕೊಟ್ಟ ಮಾತು ಅವರು ತಪ್ಪಿದ್ರ, ಅವರನ್ನ ಮಾಫ ಮಾಡ್ರಿ."

"ಮಾಫ ಮಾಡೇವಿ," ಎಂದಿತು ಓಣಿ.

ಭರಮವ್ವ ಬಾಯಿಂದ ಸೆರಗು ತೆಗೆದಳು. ಬೆಳಿಗ್ಗೆ ಕ್ಷಮೆ ಕೇಳಲು ಬಂದವಳು ಈಗ ಕೊಡಬೇಕಾಯಿತು.

"ನಾನೂ ಮಾಫ ಮಾಡೇನಿ, ಸಾಬಣ್ಣ. ತೊಟ್ಟಲದ ಮಾತು ಬಿಟ್ಟೇನಿ. ಹಗೂರ ಹೋಗು."

ಜನಾಜಾ ಎದ್ದಿತು. ಮುಂದಿನ ಮೂಲೆಗೆ ಅಸದ ಎಡಹೆಗಲು ಕೊಟ್ಟ. ಹತ್ತು ಹೆಜ್ಜೆ ನಡೆದಿರಬೇಕು, ಪರಮೇಶ ಪಕ್ಕಕ್ಕೆ ಬಂದು, "ಬಿಡು," ಎಂದ. ಹೆಗಲು ಬದಲಿಸುವುದು ರೂಢಿ, ಅಸದ ಬಿಟ್ಟುಕೊಟ್ಟ. ಸ್ವಲ್ಪ ದೂರ ಹೋಗಿ ಮತ್ತೆ ಕೈ ಚಾಚಿದ. ಪರಮೇಶ ಇತ್ತ ನೋಡಲಿಲ್ಲ, ಮೂಲೆಯನ್ನೂ ಬಿಟ್ಟುಕೊಡಲಿಲ್ಲ. ಉಳಿದ ಮೂರು ಮೂಲೆಗಳಲ್ಲಿ, ಖಾದರಸಾಬನ ತೊಟ್ಟಿಲುಗಳಲ್ಲಿ ಮಲಗಿ ಬೆಳೆದವರು ತಮ್ಮ ಸರದಿಗಾಗಿ ನುಗ್ಗುತ್ತಿದ್ದರು. ಜನ ಬಿರಬಿರನೆ ಮುಂದೆ ಸಾಗಿದರು. ಅಸದ ಹಿಂದೆ ಉಳಿದ. ಬರಿಗೈಯಲ್ಲಿ ನಡೆಯುತ್ತಿದ್ದ ಅವನ ಎಡಹೆಗಲು ಮಾತ್ರ, ಮೇಲೆ ಇನ್ನೂ ಏನೋ ಇದ್ದ ಹಾಗೆ, ಓರೆಯಾಗಿಯೇ ಇತ್ತು.