ತಗಡಿನ ಶೆಡ್ಡಿನ ಬೀಗ

ನಾನು ಒಂದು ಬೀಗ. ಕರಗಿದ ಹಿತ್ತಾಳೆಯಿಂದ ಅಚ್ಚಿನಲ್ಲಿ ಹುಟ್ಟಿ, ಎರಡು ಕೀಲಿಗಳ ಜೊತೆ ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಗೆ ಬಂದೆ. "ಸುತ್ತಿಗೆಲಿ ಬಡುದ್ರೂ ಜಪ್ಪಯ್ಯ ಅನ್ನಲ್ಲ ಸಾರ್" ಎಂದು ಅಂಗಡಿಯವನು ಹೊಗಳಿದಾಗ ನನಗೆ ಎಲ್ಲಿಲ್ಲದ ಹೆಮ್ಮೆ.

ನನ್ನನ್ನು ಕೊಂಡವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸಿದ್ದರಾಜು ಮೇಷ್ಟ್ರು. ಕಾಡುಪ್ರಾಣಿಗಳ ಅಧ್ಯಯನಕ್ಕೆಂದು ಸ್ವಯಂಸೇವಕರನ್ನು ಕಟ್ಟಿಕೊಂಡು, ಜೀಪೂ ಹತ್ತದ ಬೆಟ್ಟದ ಮೇಲೆ ಅವರು ಬಿಡಾರ ಹೂಡಿದರು. ತಗಡು, ಅಕ್ಕಿ, ಬೇಳೆ ಎಲ್ಲವೂ ತಲೆಹೊರೆಯಲ್ಲೇ ಬಂದವು. ಮಲಗಲು ಡೇರೆ, ಸಾಮಾನಿಗೆ ತಗಡಿನ ಶೆಡ್ಡು. ಕೋತಿಗಳ ಕಾಟಕ್ಕೆ ಹೆದರಿ ಅದಕ್ಕೆ ಕಿಟಕಿಯನ್ನೇ ಇಡಲಿಲ್ಲ. ಅವು ಚಿಲಕ ಸರಿಸುವುದನ್ನೂ ಕಲಿತುಬಿಟ್ಟಿದ್ದರಿಂದ ನನ್ನನ್ನು ನೇತುಹಾಕಿದರು. ಕೊನೆಗೆ ಹೊರಟವರು ನನ್ನನ್ನು ಒತ್ತಿ ಹೋಗಬೇಕು. ಒಂದು ಕೀಲಿ ಮೇಷ್ಟ್ರ ಕೊರಳಲ್ಲಿ. ಇನ್ನೊಂದು, ಕಳೆಯದಿರಲೆಂದು, ಶೆಡ್ಡಿನೊಳಗಿನ ಮೊಳೆಯಲ್ಲಿ! ಒಳಗಿನ ಕೀಲಿಯಿಂದ ಹೊರಗಿನ ಬೀಗಕ್ಕೇನು ಉಪಯೋಗ ಎಂದು ಯಾರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಎಲ್ಲರೂ ಎರಡು ತಂಡವಾಗಿ ಹೆಜ್ಜೆಗುರುತು ಹುಡುಕಲು ಹೊರಟರು. ಬ್ಯಾಂಕಿಗೆ ರಜೆ ಹಾಕಿ ಬಂದಿದ್ದ ನಾಗವೇಣಿಗೆ ಜ್ವರ. ಶೆಡ್ಡಿನಲ್ಲಿ ಬೆಚ್ಚಗಿರುತ್ತದೆಂದು ಅಕ್ಕಿ ಮೂಟೆಗಳ ಹಿಂದೆ ಕಂಬಳಿ ಹೊದ್ದು ಮಲಗಿದ್ದಳು. ಅವಳು ಎರಡನೆಯ ತಂಡದಲ್ಲಿದ್ದಾಳೆ ಎಂದು ಮೊದಲಿನವರು, ಮೊದಲ ತಂಡದಲ್ಲಿ ಹೋದಳೆಂದು ಎರಡನೆಯವರು ಅಂದುಕೊಂಡರು. ಆನೆ ಸುಳಿಯದಿರಲೆಂದು ಹೊರಗಿನ ಒಲೆಯಲ್ಲಿ ಕೊರಡೊಂದನ್ನು ಹೊಗೆಯಾಡಲು ಬಿಟ್ಟು, ಮೇಷ್ಟ್ರು ನನ್ನನ್ನು ಒತ್ತಿ ನಡೆದರು.

ಬಿಸಿಲೇರಿದಂತೆ ಗಾಳಿ ಎದ್ದಿತು. ಕಿಡಿ ಹಾರಿ ಒಣಹುಲ್ಲಿಗೆ ಬಿತ್ತು, ಬೆಂಕಿ ಶೆಡ್ಡಿನ ಮರದ ಕಂಬಗಳಿಗೂ ಹತ್ತಿತು. ಹೊಗೆ ನುಗ್ಗಿ ನಾಗವೇಣಿ ಕೆಮ್ಮುತ್ತ ಎದ್ದಳು. ಬಾಗಿಲು ದಬದಬ ಬಡಿದಳು. ಪ್ರತಿ ಏಟಿಗೂ ನಾನು ಕುಣಿದೆ, ಆದರೆ ಬಿಡಲಿಲ್ಲ. ಬಿಡುವುದು ನನ್ನ ಕೈಯಲ್ಲಿ ಇರಲೇ ಇಲ್ಲ. ಕೊಂಡಿ ಕಚ್ಚಿಕೊಂಡು ನಾನೂ ಅವಳಷ್ಟೇ ಸಿಕ್ಕಿಬಿದ್ದಿದ್ದೆ. ಅವಳು ಮೊಳೆಯ ಕೀಲಿಯನ್ನು ತಡಕಿ ತೆಗೆದು, ಯಾರಾದರೂ ಬಂದಾರೆಂದು ಬಾಗಿಲಡಿಯಿಂದ ಹೊರಗೆ ತಳ್ಳಿದಳು. ಬಂದದ್ದು ಕೋತಿ. ಮೂಸಿ ನೋಡಿ, ಎತ್ತಿಕೊಂಡು ಮರವೇರಿತು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಅಡುಗೆಯ ಕೇತಮ್ಮ ಕೆಳಗಿನ ಸೋಲಿಗರ ಹಟ್ಟಿಯಾದ ಪೋಡಿನಿಂದ ರಾಗಿಹಿಟ್ಟು ಹೊತ್ತು ಬಂದಳು.

"ಯಾರವ್ವ ಒಳಗ?"

"ನಾನು ಕಣಕ್ಕಾ, ನಾಗವೇಣಿ! ಕೀ ಆಚೆ ತಳ್ಳಿದೀನಿ, ತೆಗಿಯಕ್ಕಾ!"

"ಇಲ್ಲಿ ಯಾವ ಕೀನೂ ಇಲ್ವಲ್ಲವ್ವ! ಹಿಂದ್ಕ ಸರ್ಕೊ, ಮೂಗ್ಗ ಬಟ್ಟ ಕಟ್ಗ!"

ಖಾರ ಅರೆಯುವ ಗುಂಡುಕಲ್ಲು ತಂದು ನನ್ನ ಮೇಲೆ ಹಾಕಿದಳು. ನಾನು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಹಾಕಿದಳು. ಅಂಗಡಿಯವನ ಮಾತು ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ. ಒಳಗೆ ಕೆಮ್ಮು ನಿಂತುಹೋಗಿತ್ತು. ಕೇತಮ್ಮ ಹಲ್ಲು ಕಚ್ಚಿ ಕಲ್ಲನ್ನು ತಲೆಯ ಮೇಲೆತ್ತಿ ಅಪ್ಪಳಿಸಿದಳು. ನನ್ನ ಒಡಲು ಬಿರಿಯಿತು, ಕೊಂಡಿ ಕಳಚಿತು. ನಾಗವೇಣಿಯನ್ನು ರಟ್ಟೆ ಹಿಡಿದು ಹೊರಗೆಳೆದು, ಮುಖಕ್ಕೆ ನೀರು ಚಿಮುಕಿಸಿದಳು. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು.

ಶೆಡ್ಡು ಸುಟ್ಟುಹೋಯಿತು. ಹೊಸ ಶೆಡ್ಡಿಗೆ ಹಿಂಬಾಗಿಲೂ ಇದೆ, ಅದಕ್ಕೆ ಒಳಚಿಲಕ. ಮುಂಬಾಗಿಲಿಗೆ ಬೀಗ ಹಾಕುವ ಮೊದಲು ಮೇಷ್ಟ್ರು ಒಳಗೆ ತಲೆ ಹಾಕಿ, "ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಾರೆ. ನಾನು ಒಲೆಯ ಪಕ್ಕದ ಕಲ್ಲಿನ ಮೇಲೆ ಕಿಲುಬು ಹಿಡಿದು ಬಿದ್ದಿದ್ದೇನೆ. ಮೊನ್ನೆ ಮರದ ಬುಡದಲ್ಲಿ ಆ ಹಳೆಯ ಕೀಲಿ ಸಿಕ್ಕಿತು. ಕೇತಮ್ಮ ತಂದು ನನ್ನೊಳಗೆ ತೂರಿಸಿ ನೋಡಿದಳು. ತಿರುಗಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಇನ್ನು ನಾನು ಯಾರ ಮೇಲೂ ಮುಚ್ಚಿಕೊಳ್ಳಬೇಕಿಲ್ಲ.