ಮಲಕಮ್ಮನ ಮೊಣಕಾಲು

“ಹದಿನೇಳು” ಎಂದು ಹಲ್ಲು ಕಚ್ಚಿ ಮಲಕಮ್ಮ ಬಲಗಾಲನ್ನು ಮಂಚದ ಮೇಲೆ ಇಳಿಸಿದಳು. ಪಾದದ ಗಂಟಿಗೆ ಹಳೇ ಸೀರೆಯ ಚೂರಿನಲ್ಲಿ ಕಟ್ಟಿದ ಒಂದು ಕಿಲೋ ಜೋಳದ ಗಂಟು ಜೋತಾಡುತ್ತಿತ್ತು. ಮೂರು ದಿನದಿಂದ ಚಳಿಜ್ವರ, ಮೈ ಕೆಂಡ. ಕಂಬಳಿಯನ್ನು ಕಾಲ ಕಡೆಯಿಂದಷ್ಟೇ ಸರಿಸಿಕೊಂಡಿದ್ದಳು. ಮೇಲಿನರ್ಧ ಮೈ ಗಡಗಡ ನಡುಗುತ್ತಿದ್ದರೆ ಕೆಳಗಿನರ್ಧ ಕಸರತ್ತು ಮಾಡುತ್ತಿತ್ತು. ಕಾಲನ್ನು ನೆಟ್ಟಗೆ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು, ಇಳಿಸಿದಳು. “ಹದಿನೆಂಟು.”

“ಅತ್ತೀ, ಜ್ವರದಾಗರ ಸುಮ್ನ ಮಕ್ಕೋರಿ” ಎಂದು ಸೊಸೆ ಜ್ಯೋತಿ ಅಡುಗೆಮನೆಯಿಂದ ಕೂಗಿದಳು. ರೊಟ್ಟಿ ಬಡಿಯುವ ಸದ್ದು ನಿಂತಿತು. “ಆ ದವಾಖಾನಿ ಮೇಡಂ ಜ್ವರ ಬಂದಾಗೂ ಮಾಡ್ರಿ ಅಂತ ಹೇಳ್ಯಾರೇನು?”

“ಜ್ವರ ಬಂದದ್ದು ತಲಿಗೆ. ಕಾಲಿಗೇನಾಗ್ಯಾದ? ನೀ ಹಂಚಿನ ಮ್ಯಾಲಿನ ರೊಟ್ಟಿ ನೋಡು, ಸೀದ ವಾಸನಿ ಬರಾಕತ್ತದ.”

ಜ್ಯೋತಿ ಓಡಿದಳು. ರೊಟ್ಟಿ ನಿಜಕ್ಕೂ ಸೀದಿತ್ತು. ಕಕ್ಕೇರಾದ ಆ ಓಣಿಯಲ್ಲಿ ಮಲಕಮ್ಮನ ಮಾತಿಗೆ ಎದುರಾಡಿ ಗೆದ್ದವರು ಇಲ್ಲ. ಗೆಲ್ಲಬಹುದಾದ ಒಬ್ಬ ಮನುಷ್ಯನಿದ್ದ, ಅವಳ ಗಂಡ ಹಣಮಂತ್ರಾಯ. ಆದರೆ ಅವನು ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಉಣ್ಣುವುದಕ್ಕೆ ಮಾತ್ರ.

ಹೋದ ಶಿವರಾತ್ರಿಯ ಹೊತ್ತಿಗೆ, ಕಾಲುವೆ ಸೀಮೆಯಲ್ಲಿ ಕುರಿ ಮೇಯಿಸುತ್ತಿದ್ದಾಗ, ಕಂಕುಳಲ್ಲಿ ಮರಿ ಹಿಡಿದುಕೊಂಡು ಕಾಲುವೆಯ ಏರಿ ಇಳಿಯಲು ಹೋಗಿ ಮಲಕಮ್ಮ ಜಾರಿದಳು. ಮರಿಗೆ ಏನೂ ಆಗಲಿಲ್ಲ. ಅವಳ ಮೊಣಕಾಲ ಚಿಪ್ಪು ಎರಡು ಹೋಳಾಯಿತು. ಆಪರೇಶನ್ ಆಯಿತು, ತಂತಿ ಹಾಕಿದರು. ಬೇಸಿಗೆಯೂ ಮಳೆಗಾಲದ ಅರ್ಧವೂ ಮಂಚದ ಮೇಲೆ ಕಳೆದವು. ತಿಂಗಳುಗಟ್ಟಲೆ ಮಡಚದೆ ಇದ್ದ ಕಾಲು ಒಣಗಿದ ತೊಗರಿ ಕಟ್ಟಿಗೆಯಂತಾಗಿತ್ತು. ಸುರಪುರದ ದವಾಖಾನೆಯಲ್ಲಿ ಕಾಲಿನ ವ್ಯಾಯಾಮ ಕಲಿಸುವ ಚಂದ್ರಕಲಾ ಎಂಬ ಹುಡುಗಿ ಒಬ್ಬಳಿದ್ದಾಳೆಂದು ಯಾರೋ ಹೇಳಿದ ಮೇಲೆ, ಆರು ವಾರದ ಹಿಂದೆ ಅಲ್ಲಿಗೆ ಹೋಗಿದ್ದಾಯಿತು. ಟವೆಲನ್ನು ಸುರುಳಿ ಸುತ್ತಿ ಮೊಣಕಾಲಡಿ ಇಟ್ಟು ಒತ್ತುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸುತ್ತ ಎಳೆದುಕೊಳ್ಳುವುದು, ಭಾರ ಕಟ್ಟಿ ಕಾಲೆತ್ತುವುದು, ಒಂದೊಂದೂ ಇಪ್ಪತ್ತು ಸಲ, ದಿನಕ್ಕೆ ಮೂರು ಹೊತ್ತು. ಅಷ್ಟೇ ಅಲ್ಲ, ದಿನಾ ಎರಡು ಕೋಳಿತತ್ತಿ, ಮೊಳಕೆಯೊಡೆದ ಹೆಸರುಕಾಳು, ಒಂದು ಹಿಡಿ ಶೇಂಗಾ. ಆದರೆ ಕುರಿಕಾಲಿನ ಸೂಪ್ ಕುಡಿಯಿರಿ ಅಂದಾಗ ಮಲಕಮ್ಮ ಕಿವಿ ಮುಚ್ಚಿಕೊಂಡಿದ್ದಳು. ಹೆಸರಿಟ್ಟು ಕರೆದ ಕುರಿಯನ್ನು ಕೊಯ್ದು ತಿನ್ನುವುದುಂಟೇ!

ಈ ಸುದ್ದಿ ಹಣಮಂತ್ರಾಯನ ಕಿವಿಗೂ ಬಿತ್ತು. ಅವನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಮರುದಿನ ಸುರಪುರದ ಸಂತೆಗೆ ಹೋದವನು ಒಂದು ಕರೀ ಪ್ಲಾಸ್ಟಿಕ್ ಚೀಲ ತಂದು ಅಡುಗೆಮನೆಯ ಗೂಟಕ್ಕೆ ಸಿಗಿಸಿ ಹೊರಗೆ ನಡೆದ. ಜ್ಯೋತಿ ಬಿಚ್ಚಿ ನೋಡಿದರೆ ನಾಲ್ಕು ಕಾಲು. “ಅತ್ತೀ, ಮಾವ ನಮ್ಮವಲ್ಲ, ಮಂದಿ ಕುರಿವು ತಂದಾರ!” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಲಕಮ್ಮನೂ ನಕ್ಕಳು. ಮೂಗು ಹಿಡಿದು ಆ ಸೂಪನ್ನೂ ಕುಡಿದಳು.

ದೀಪಾವಳಿ ಪಾಡ್ಯ ಕಳೆದು ಐದನೇ ದಿನ ಕುರಿಗಳು ಊರು ಬಿಡುತ್ತವೆ. ಇನ್ನು ಒಂಬತ್ತು ದಿನ. ಭತ್ತ ಕೊಯ್ದ ಗದ್ದೆಗಳಲ್ಲಿ ಹಿಂಡು ನಿಲ್ಲಿಸುತ್ತ ಹೋದರೆ ಮರಳಿ ಮನೆ ಕಾಣುವುದು ಯುಗಾದಿಗೆ. ಮಗ ಅಂಬರೀಶನೂ ಹೋಗುತ್ತಾನೆ. ಕಾಲು ಹೀಗಿರುವಾಗ ನಿನಗೇಕೆ ಹೋಗುವ ಹಟ ಎಂದು ಕೇಳಿದವರಿಗೆಲ್ಲ ಮಲಕಮ್ಮ ಒಂದೇ ಮಾತು ಹೇಳುತ್ತಿದ್ದಳು: “ನಾ ಹೋಗಲಿಲ್ಲಂದ್ರ ತಂದಿ ಮಗಾ ಇಬ್ಬರೂ ಹಸೇ ಹಿಟ್ಟು ಮುಕ್ತಾರ.”

ಅದು ಊರಿಗೆ ಹೇಳುವ ಮಾತು. ಖರೇ ಸಂಗತಿ ಬೇರೆ ಇತ್ತು. ಅಣ್ಣತಮ್ಮಂದಿರು, ನಾದಿನಿ, ಸೊಸೆ, ಬಂದವರು ಹೋದವರು ಅಂತ ಸದಾ ತುಂಬಿದ ಮನೆಯಲ್ಲಿ ಹೆಂಡತಿಯೊಡನೆ ನಿಂತು ಮಾತಾಡುವುದು ಹಣಮಂತ್ರಾಯನಿಗೆ ಒಗ್ಗಿ ಬಂದದ್ದಲ್ಲ. ಹಿಂಡು ಊರು ದಾಟಿತೋ, ಅವನು ಬೇರೆಯೇ ಮನುಷ್ಯ. ಕುರಿಗಳ ಹಿಂದೆ ಅವಳ ಪಕ್ಕದಲ್ಲಿ ನಡೆಯುತ್ತ ಬೆಳಗಿನಿಂದ ಬೈಗಿನವರೆಗೆ ಮಾತು. ರಾತ್ರಿ ಬಿದ್ದ ಕನಸು, ಟಗರಿನ ತಿಮಿರು, ಸತ್ತುಹೋದ ತಾಯಿಯ ನೆನಪು, ಯಾವ ಗದ್ದೆಯವನು ಎಂಥವನು ಎಂಬ ಚಾಡಿ. ಒಲೆಗೆ ಕಲ್ಲು ಅವನೇ ಹುಡುಕಿ ತರುತ್ತಿದ್ದ, ರೊಟ್ಟಿ ಬೇಯುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹರಟುತ್ತಿದ್ದ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಮಲಕಮ್ಮ ಗಂಡನೊಡನೆ ಸಂಸಾರ ಮಾಡಿದ್ದು ವರ್ಷಕ್ಕೆ ಐದೇ ತಿಂಗಳು ಅನ್ನಬೇಕು. ಈ ಸಲ ಅದೂ ತಪ್ಪಿತೆಂದರೆ? ಆ ಯೋಚನೆ ಬಂದಾಗಲೆಲ್ಲ ಅವಳು ಕಾಲು ಎತ್ತುತ್ತಿದ್ದಳು.

ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಮೊಣಕಾಲು ಮಾತ್ರ ಕುಂಬಳಕಾಯಿಯಷ್ಟು ಬಾತಿತ್ತು.

ಜ್ಯೋತಿ ಅವಳನ್ನು ಸುರಪುರದ ಬಸ್ಸು ಹತ್ತಿಸಿ ತಾನೂ ಜೊತೆಗೆ ಹೋದಳು. ಚಂದ್ರಕಲಾ ಬಾವಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದಳು.

“ಏನ್ ಮಾಡ್ಕೊಂಡ್ರಿ ಇದು?”

“ನೀವು ಹೇಳಿದ್ದಾ ಮಾಡೀನ್ರೀ ಡಾಕ್ಟರವ್ವಾ. ಇಪ್ಪತ್ತಕ್ಕ ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ಜ್ವರ ಬಂದಾಗೂ ಬಿಟ್ಟಿಲ್ರಿ.”

“ಜ್ವರದಾಗೂ ಮಾಡೀರಿ? ಜ್ವರ ಬಂದಾಗ ಮೈಗೆ ಆರಾಮ ಬೇಕ್ರಿ. ಆದ್ರೂ ಇಪ್ಪತ್ತಕ್ಕ ಹಿಂಗ ಬಾವು ಬರೂದಿಲ್ಲ. ಆ ಛಲೋ ಕಾಲಿಲೆ ಜರಾ ಮಾಡಿ ತೋರಸ್ರಿ.”

ಮಲಕಮ್ಮ ಎಡಗಾಲು ಎತ್ತಿದಳು, ಇಳಿಸಿದಳು. ತುಟಿ ಪಿಟಕ್ಕನ್ನಲಿಲ್ಲ. ಮತ್ತೆ ಎತ್ತಿ ಇಳಿಸಿ “ಒಂದು” ಅಂದಳು. ಇನ್ನೆರಡು ಸಲ ಎತ್ತಿ ಇಳಿಸಿ “ಎರಡು” ಅಂದಳು.

“ನಿಲ್ರಿ ನಿಲ್ರಿ. ನಡುವಿಂದು ಎಣಿಸೂದು ಬಿಟ್ರಲ್ಲ?”

“ಯಾವುದು ಬಿಟ್ಟೀನ್ರಿ? ಜೋಡಿ ಆದ ಮ್ಯಾಲೆ ಅಲ್ರೀ ಒಂದು?”

ಚಂದ್ರಕಲಾಗೆ ಅರ್ಥವಾಗಲಿಲ್ಲ. ಮಲಕಮ್ಮನಿಗೆ ಅವಳಿಗೆ ಅರ್ಥವಾಗದ್ದು ಏನೆಂದು ಅರ್ಥವಾಗಲಿಲ್ಲ. ದೊಡ್ಡಿಯ ಬಾಗಿಲಲ್ಲಿ ಕುರಿಗಳನ್ನು ಎರಡೆರಡಾಗಿ ಹೊರಗೆ ಬಿಡುತ್ತಾರೆ. ಎರಡು ಕುರಿ ದಾಟಿದರೆ ಒಂದು. ನೂರು ಎಂದರೆ ನೂರು ಜೋಡಿ. ಅವಳ ಅಪ್ಪ ಎಣಿಸಿದ್ದು ಹಾಗೆ, ಮಾವ ಎಣಿಸಿದ್ದು ಹಾಗೆ. ಏಳು ವರ್ಷದವಳಿದ್ದಾಗ ಅಪ್ಪನ ದೊಡ್ಡಿಯ ಬಾಗಿಲಲ್ಲಿ ನಿಂತು ಅವಳು ಕಲಿತ ಲೆಕ್ಕ ಅದೊಂದೇ. ಶಾಲೆಯ ಮುಖ ನೋಡಿದವಳಲ್ಲ.

ವಿಷಯ ಬಾಯಿಬಿಡಿಸಿ ಕೇಳಿದ ಮೇಲೆ ಜ್ಯೋತಿ ಹಣೆ ಚಚ್ಚಿಕೊಂಡಳು. ಆರು ವಾರ ದಿನಾ ಮೂರು ಹೊತ್ತು ಆ ಎಣಿಕೆ ಅವಳ ಕಿವಿಗೆ ಬಿದ್ದಿತ್ತು.

“ಅಂದ್ರ ನಲವತ್ತು!” ಎಂದಳು ಚಂದ್ರಕಲಾ. “ಇಬ್ಬರು ಮಾಡೂ ಕಸರತ್ತು ಒಬ್ಬಾಕಿ ಮಾಡೀರಿ. ಮತ್ತ ತತ್ತಿ? ಅವೂ ದಿನಾ ನಾಕು ತಿಂದ್ರೇನು?”

“ತತ್ತಿ ಎರಡಾ ತಿಂದೀನ್ರಿ” ಎಂದಳು ಮಲಕಮ್ಮ ಸಿಟ್ಟಿನಿಂದ. “ತತ್ತಿ ಏನು ಅಡ್ಡಾಡ್ತಾವೇನ್ರಿ, ಜೋಡಿ ಎಣಿಸಾಕ?”

ಚಂದ್ರಕಲಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ತಿರುಗಿ ನೋಡಿದಾಗ ಮಲಕಮ್ಮ ಕೇಳಿದಳು: “ಅದೆಲ್ಲ ಇರ್ಲಿ. ಒಂಬತ್ತು ದಿನಾ, ಅಲ್ಲ, ಇನ್ನ ಎಂಟಾ ದಿನಾ ಅದ. ಕುರಿ ಹಿಂದ ಹೋಗಬೇಕ್ರಿ ನಾ. ಬಾವು ಇಳೀತದಲ್ರಿ?”

“ದಿನಕ್ಕ ಎಷ್ಟು ನಡೀತೀರಿ?”

“ಎಷ್ಟಂದ್ರ, ಹೊತ್ತು ಹುಟ್ಟಿದಾಗಿಂದ ಮುಳುಗೂತನ.”

“ಕೂಡೂದು, ಮಲಗೂದು?”

“ನೆಲದ ಮ್ಯಾಲ. ಹೊಲದಾಗ ಮಂಚ ಯಾರು ಹಾಕ್ಯಾರ್ರಿ?”

ಚಂದ್ರಕಲಾ ಸ್ಟೂಲು ಎಳೆದುಕೊಂಡು ಅವಳ ಎದುರು ಕೂತಳು. ಈ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ. “ಅವ್ವಾ, ಮೂರು ವಾರ ನೀವು ಏನೂ ಮಾಡಂಗಿಲ್ಲ. ಬಾವು ಇಳೀಲಿ. ಆಮ್ಯಾಲ ಮತ್ತ ಒಂದರಿಂದ ಸುರು ಮಾಡೂಣು. ನಡೀಲಿಕ್ಕೆ ಬರ್ತದ, ನಾ ಮಾತು ಕೊಡ್ತೀನಿ. ಆದ್ರ ನೆಲಕ್ಕ ಕೂತು ಏಳೂದು ಈ ವರ್ಷ ಆಗೂದಿಲ್ಲ. ಹಟ ಮಾಡಿ ಹೋದ್ರ, ಮುಂದಿನ ವರ್ಷನೂ ಹೋಗೂದಾಗೂದಿಲ್ಲ.”

ಮಲಕಮ್ಮ ತಲೆಯಾಡಿಸಿದಳು. ಮರಳುವಾಗ ಬಸ್ಸಿನಲ್ಲಿ ಜ್ಯೋತಿ “ನಾನರ ಲಕ್ಷ್ಯ ಕೊಟ್ಟು ಕೇಳಬೇಕಿತ್ತು ಅತ್ತೀ” ಅಂದಾಗ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು, ಅಷ್ಟೆ.

ಸಂಜೆ ಹಣಮಂತ್ರಾಯ ಕುರಿಗಳನ್ನು ದೊಡ್ಡಿಗೆ ಹೊಡೆದು, ಕೈಕಾಲು ತೊಳೆದು ಪಡಸಾಲೆಗೆ ಬಂದ. ಮಗ್ಗುಲ ಕೋಣೆಯಲ್ಲಿ ನಾದಿನಿ ಮಕ್ಕಳಿಗೆ ಉಣ್ಣಲು ಕೊಡುತ್ತಿದ್ದಳು. ಮಲಕಮ್ಮ ಗೋಡೆ ನೋಡುತ್ತ ಹೇಳಿದಳು:

“ನಾ ಎಣಿಸಿದ್ದು ತಪ್ಪಿತಂತ. ನಾ ಬರೂದಾಗೂದಿಲ್ಲ.”

ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿಕೊಂಡ. “ತಪ್ಪೇನದ ಅದರಾಗ. ನಾವು ಎಣಿಸೂದಾ ಹಂಗ” ಅಂದ. ನಾದಿನಿ ಬಾಗಿಲಿಗೆ ಬಂದಳು. ಅವನು ಎದ್ದು ದೊಡ್ಡಿಯ ಕಡೆ ಹೋದ. ಮಲಕಮ್ಮ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಬಾಯಿಗೆ ಸೆರಗು ತುರುಕಿ ಅತ್ತಳು. ಜ್ವರದಿಂದ ನರಳುತ್ತಿದ್ದಾಳೆ ಎಂದುಕೊಂಡಳು ನಾದಿನಿ.

ಎಂಟು ದಿನ ಅವಳು ಚಂದ್ರಕಲಾ ಹೇಳಿದಂತೆ ಕಾಲು ಚಾಚಿ ಬಿದ್ದುಕೊಂಡಳು. ಕೆಲಸ ಮಾಡುವುದಕ್ಕಿಂತ ಮಾಡದೆ ಇರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಮಂಚದಿಂದಲೇ ಅಂಬರೀಶನಿಗೆ ಹಿಟ್ಟು ನಾದುವುದು ಹೇಳಿಕೊಟ್ಟಳು. ಅವನ ರೊಟ್ಟಿಗಳು ಒಂದೊಂದು ಒಂದೊಂದು ದೇಶದ ನಕ್ಷೆಯಂತಿದ್ದವು. “ಇರ್ಲಿ ಬಿಡು, ಹೊಟ್ಯಾಗ ಹೋದ ಮ್ಯಾಲ ಎಲ್ಲಾ ಒಂದಾ” ಎಂದು ನಕ್ಕಳು. ಕಂಬಳಿ, ರಾತ್ರಿ ಕುರಿ ಕೂಡಿಹಾಕುವ ಬಲೆ, ಪಾತ್ರೆ, ಕುರಿಗಳ ಔಷಧದ ಬಾಟಲಿ ಎಲ್ಲವನ್ನೂ ಅವಳ ಕಣ್ಣೆದುರೇ ಕಟ್ಟಿದರು. ಯಾವುದನ್ನೂ ಮರೆಯದಂತೆ ಅವಳೇ ನೆನಪು ಮಾಡಿಕೊಟ್ಟಳು.

ಹೊರಡುವ ಬೆಳಿಗ್ಗೆ ಬಾವು ಅರ್ಧ ಇಳಿದಿತ್ತು. ಹಿಂಡು ಓಣಿಗೆ ಬಂದಾಗ ಮಲಕಮ್ಮ ಕೋಲು ಹಿಡಿದು ಹೊಸ್ತಿಲು ದಾಟಿದಳು. “ಎಲ್ಲಿಗೆ ಅತ್ತೀ?” ಎಂದು ಜ್ಯೋತಿ ಗಾಬರಿಯಾದಳು. “ಹಳ್ಳದ ಸೇತುವಿತನ. ಜೀವಾ ತಡೀವಲ್ದು, ಬಿಡು” ಎಂದಳು. ಜ್ಯೋತಿ ಬಿಟ್ಟಳು.

ಅಂಬರೀಶ ಹಿಂಡಿನ ಮುಂದೆ. ಹಣಮಂತ್ರಾಯ ಹಿಂದೆ, ಎಂದಿನ ಜಾಗದಲ್ಲಿ. ಅವಳು ಅವನ ಪಕ್ಕಕ್ಕೆ ಬಂದು ಸೇರಿದಾಗ ಅವನು ತಿರುಗಿ ನೋಡಲಿಲ್ಲ. ಬಾಯಿಂದ ಉದ್ದನೆಯ ಸಿಳ್ಳೆ ಹಾಕಿದ. ಮುಂದಿದ್ದ ಅಂಬರೀಶ ನಡಿಗೆ ನಿಧಾನ ಮಾಡಿದ. ಕೆಂಪು ಕುರಿಗಳು ರಸ್ತೆಯ ಬದಿಯ ಹುಲ್ಲಿಗೆ ಬಾಯಿ ಹಾಕುತ್ತ, ಒಂದಕ್ಕೊಂದು ಒರಗುತ್ತ, ತೂಕಡಿಸಿಕೊಂಡು ನಡೆದವು. ಹಿಂದೆ ಒಂದು ಟ್ರ್ಯಾಕ್ಟರು ಹಾರ್ನು ಬಾರಿಸಿ ಬಾರಿಸಿ ಸಾಕಾಗಿ ಸುಮ್ಮನಾಯಿತು. ಅಷ್ಟು ದೊಡ್ಡ ಹಿಂಡು ಒಂದು ಹೆಂಗಸಿನ ಕುಂಟುಗಾಲಿನ ಲೆಕ್ಕಕ್ಕೆ ನಡೆಯುತ್ತಿತ್ತು.

ಕೊನೆಯ ಮನೆ ಹಿಂದಾಯಿತು. ಹಣಮಂತ್ರಾಯನ ಬಾಯಿ ತೆರೆಯಿತು.

“ಆ ಹರಕಗಿವಿದು ಈ ಸಲ ಅವಳಿ ಹಾಕ್ತದ ನೋಡು. ಹೊಟ್ಟಿ ಎಷ್ಟು ಕೆಳಗ ಇಳದಾದ. ರಾತ್ರಿ ನನಗ ನಿದ್ದಿನೇ ಇಲ್ಲ. ಅವ್ವ ಕನಸಿನ್ಯಾಗ ಬಂದಿದ್ಳು, ಮಜ್ಜಿಗಿ ಕೊಡು ಅಂದ್ಳು. ಕೊಟ್ನೋ ಇಲ್ಲೋ ನೆನಪಾಗವಲ್ದು. ನಿನ್ನ ಮಗ ಉಪ್ಪು ಕಟ್ಟೂದು ಮರತಿದ್ದ, ನಾ ನೋಡಿ ಕಟ್ಟೀನಿ…”

ಅವನು ಹೇಳುತ್ತಲೇ ಇದ್ದ. ಐದು ತಿಂಗಳ ಮಾತನ್ನೆಲ್ಲ ಸೇತುವೆ ಬರುವುದರೊಳಗೆ ಹೇಳಿ ಮುಗಿಸಬೇಕೆಂಬ ಅವಸರ ಆ ದನಿಯಲ್ಲಿತ್ತು. ಮಲಕಮ್ಮ ಹ್ಞೂಂಗುಟ್ಟುತ್ತ ನಡೆದಳು. ಸೇತುವೆಯ ಬಳಿ ಅವಳ ಕಾಲು ನಿಂತಿತು.

“ನಿನ್ನ ಕೂಡ ಬರಬೇಕಂತ ನನ್ನ ಜೀವಾ ಹೆಂಗ ಹಾರಾಕತ್ತದ, ನಿನಗ ಗೊತ್ತಿಲ್ಲ” ಎಂದಳು.

“ಗೊತ್ತದ” ಎಂದ ಅವನು. ನೆಲ ನೋಡಿದ. “ನಾ ಯಾರ ಕೂಡ ಮಾತಾಡಲಿ ಈಗ?”

ಅವನು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಸೇತುವೆ ದಾಟಿದ. ಆ ಕಡೆ ಹೋದ ಮೇಲೆ ಹಿಂಡು ತನ್ನ ನಿಜವಾದ ನಡಿಗೆ ಹಿಡಿಯಿತು. ನೋಡನೋಡುತ್ತ ತಿರುವಿನಲ್ಲಿ ಧೂಳಷ್ಟೇ ಉಳಿಯಿತು.

ಕೋಲಿನ ಮೇಲೆ ಭಾರ ಬಿಟ್ಟು ಆ ಧೂಳನ್ನೇ ನೋಡುತ್ತ ನಿಂತಿದ್ದಾಗ ಊರ ಕಡೆಯಿಂದ ಬಂದ ಅಮಾತೆಪ್ಪನ ಮೋಟಾರುಸೈಕಲ್ಲು ಪಕ್ಕದಲ್ಲಿ ನಿಧಾನವಾಯಿತು. ಹಳ್ಳದಾಚೆ ಅವನ ಹೊಲವಿತ್ತು; ಪ್ರತಿ ವರ್ಷ ಈ ದಿನ ಇದೇ ರಸ್ತೆಯಲ್ಲಿ ಅವನು ಸಿಗುತ್ತಿದ್ದ.

“ಹೊಂಟ್ರೇನವ್ವಾ? ಜಲ್ದಿ ನಡೀರಿ, ಕುರಿ ಮುಂದ ಹೋಗ್ಯಾವ. ಯುಗಾದಿಗೆ ಕೂಡೂಣು!”

“ಹ್ಞೂಂನಪಾ” ಎಂದಳು ಮಲಕಮ್ಮ. “ಯುಗಾದಿಗೆ ಬರ್ತೀವಿ.”

ಗಾಡಿಯ ಸದ್ದು ಪೂರಾ ಅಡಗುವವರೆಗೂ ಅವಳು ಅದೇ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಕೋಲು ತಿರುಗಿಸಿ ಊರಿನತ್ತ ಇಟ್ಟಳು. ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಹಿಂದಿನ ವರ್ಷಗಳಲ್ಲಿ ಈ ದಿನ ಈ ರಸ್ತೆಯಲ್ಲಿ ಅದು ಅವಳ ಬೆನ್ನಿಗಿರುತ್ತಿತ್ತು. ಸೆರಗನ್ನು ಹಣೆಯ ಮೇಲೆ ಮುಂದಕ್ಕೆಳೆದುಕೊಂಡು, ಒಂದೊಂದೇ ಹೆಜ್ಜೆ ನಡೆದಳು.