ಬಾಲದ ಮೇಲಿನ ಮಿಂಚುಳ್ಳಿ

"ಚೆನ್ನಾಗಿಲ್ಲ ಅಂತಾದ್ರೂ ಬಾಯಿಬಿಟ್ಟು ಹೇಳ್ರೀ," ಎಂದಳು ಅವಳು. ಗಂಡ ಶೆಡ್ಡಿನ ಬಾಗಿಲಲ್ಲಿ ಗರ ಬಡಿದವನಂತೆ ನಿಂತಿದ್ದ.

ಅಂಗಡಿಗಳ ಬೋರ್ಡು ಬರೆದೇ ಕೈ ಪಳಗಿಸಿಕೊಂಡವಳು ಅವಳು. ಗಂಡ ವರ್ಷಗಟ್ಟಲೆ ಬಿಡಿಭಾಗ ತರಿಸಿ ತಾನೇ ಜೋಡಿಸಿದ ಪುಟ್ಟ ವಿಮಾನ ನಾಳೆ ಮೊದಲ ಸಲ ಹಾರಬೇಕು. ಅದನ್ನು ಸವತಿ ಎಂದೇ ಗೇಲಿ ಮಾಡುತ್ತಿದ್ದವಳಿಗೆ ಕೊನೆಗೆ ಅದರ ಮೇಲೂ ಅಕ್ಕರೆ ಹುಟ್ಟಿತ್ತು. ಅವನು ಊರಲ್ಲಿಲ್ಲದ ಸಮಯ ನೋಡಿ, ಬಾಲದ ತುದಿಯಲ್ಲಿ ಎಡಬಲಕ್ಕೆ ಆಡುವ ರಡರ್ ಹಲಗೆಯ ಮೇಲೆ ಮಿಂಚುಳ್ಳಿ ಬರೆದಿದ್ದಳು. ಮಳೆಬಿಸಿಲಿಗೆ ಮಾಸಬಾರದೆಂದು, ಬೋರ್ಡಿಗೆ ಬಳಿಯುವ ಹಾಗೆ ಬಣ್ಣದ ಮೇಲೆ ಬಣ್ಣ ಬಳಿದಿದ್ದಳು.

"ಜೀವ ತುಂಬಿದೀಯ ಕಣೆ," ಎಂದ ಅವನು. "ಆದ್ರೆ ಭಾರ ಆಯ್ತು."

"ಒಂದು ಹಕ್ಕಿ ಎಷ್ಟು ಭಾರ ಆದೀತು? ನಿಮ್ಮ ಇಂಜಿನ್ ಎಳೆಯಲ್ವಾ?"

"ಇಂಜಿನ್ ಎಳೆಯುತ್ತೆ. ತೊಂದ್ರೆ ಅದಲ್ಲ." ಅವನು ರಡರ್ ಬಿಚ್ಚಿ, ಅದರ ಕೀಲುಗಳನ್ನು ಎರಡು ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಮೊನ್ನೆ ತಕ್ಕಡಿಯಂತೆ ಸಮನಾಗಿ ನಿಂತಿದ್ದ ಹಲಗೆಯ ಹಿಂದಿನ ಅಂಚು ಮೆಲ್ಲಗೆ ಜೋತುಬಿತ್ತು. "ಕೀಲಿನ ಹಿಂದೆ ಭಾರ ಹೆಚ್ಚಾದ್ರೆ, ವೇಗ ಏರ್ತಿದ್ದ ಹಾಗೆ ಇದು ತಾನಾಗೇ ಪಟಪಟ ಬಡ್ಕೊಳ್ಳೋಕೆ ಶುರು ಮಾಡಬಹುದು. ಆಮೇಲೆ ಬಾಲಾನೇ ಕಿತ್ಕೊಂಡು ಹೋಗುತ್ತೆ. ವೇಗದ ಮೀಟರಿನ ಕೆಂಪು ಗೆರೆ ದಾಟಬಾರ್ದು ಅನ್ನೋದು ಇಂಥದ್ದಕ್ಕೇ. ಈಗ ಆ ಗೆರೆ ಮುಟ್ಟೋಕ್ ಮುಂಚೇನೇ ಆಗ್ಬಹುದು."

ಅವಳಲ್ಲಿ ಇಷ್ಟು ಹೊತ್ತಿದ್ದ ಮುನಿಸು ಎಲ್ಲಿ ಹೋಯಿತೋ.

"ಹೋಗ್ಲಿ ಬಿಡು, ಹಕ್ಕಿ ಹಾಗೇ ಇರ್ಲಿ," ಎಂದ ಅವನು, ಅವಳ ಮುಖ ನೋಡಲಾರದೆ. "ನಾಳೆ ನಿಧಾನಕ್ಕೆ ಹಾರಿಸ್ತೀನಿ."

"ಎಷ್ಟು ನಿಧಾನಕ್ಕೆ?"

ಅವನು ತಲೆ ಕೆರೆದುಕೊಂಡ. ಆ ಲೆಕ್ಕ ಅವನಿಗೂ ಗೊತ್ತಿರಲಿಲ್ಲ. ಹೆಂಡತಿಯ ಮನಸ್ಸು ನೋಯಬಾರದೆಂದು ಪ್ರಾಣವನ್ನೇ ಪಣಕ್ಕಿಡಲು ಹೊರಟ ಈ ಪೆದ್ದನ ಮೇಲೆ ಅವಳಿಗೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಅವಳೇ ಸ್ಯಾಂಡ್‌ಪೇಪರ್ ತೆಗೆದುಕೊಂಡು ಉಜ್ಜತೊಡಗಿದಳು. ಅವನೂ ಒಂದು ಚೂರು ಹರಿದುಕೊಂಡು ಪಕ್ಕದಲ್ಲಿ ಕುಳಿತ. ರೆಕ್ಕೆ ಹೋಯಿತು, ಕೊಕ್ಕು ಹೋಯಿತು.

ಕಣ್ಣಿನ ಬಳಿ ಬಂದಾಗ ಅವನು ಅಂಗೈ ಅಡ್ಡವಿಟ್ಟ. "ಇದೊಂದಿರ್ಲಿ ಕಣೆ. ಚುಕ್ಕೆಯಷ್ಟೇ."

ಅವಳು ಅವನ ಕೈ ಸರಿಸಿದಳು. "ನನ್ನ ಕಣ್ಣಿದೆಯಲ್ಲ, ಕೆಳಗಿಂದ ನೋಡ್ತಾ ನಿಂತಿರ್ತೀನಿ. ನೀವು ವಾಪಸ್ ಬನ್ನಿ ಸಾಕು."

ಪುಡಿಯನ್ನೆಲ್ಲ ಒರೆಸಿ ಅವನು ಹಲಗೆಯನ್ನು ಮತ್ತೆ ಸ್ಟ್ಯಾಂಡಿನ ಮೇಲಿಟ್ಟು ಕೈ ಬಿಟ್ಟ. ಅದು ಅತ್ತ ಒಮ್ಮೆ, ಇತ್ತ ಒಮ್ಮೆ ತೂಗಿ, ಮೆಲ್ಲಗೆ ಸಮನಾಗತೊಡಗಿತು. ತಮ್ಮ ಉಸಿರು ತಾಗೀತೆಂದು ಇಬ್ಬರೂ ಉಸಿರು ಬಿಗಿಹಿಡಿದು ನಿಂತರು.